ನಟರಾಜ ಮೇಷ್ಟ್ರಿಗೆ ಅಂಡಮಾನ್ ಆಯ್ತಂತೆ

ನಟರಾಜ ಮೇಷ್ಟ್ರು ಸುಳ್ಳು ಹೇಳುವವರಲ್ಲ. ಹೇಳೋದಕ್ಕೆ ಬರುವುದೂ ಇಲ್ಲ. ತೊಂದರೆಯಾದದ್ದೇ ಅಲ್ಲಿ. ಸುಳ್ಳಿನಲ್ಲಿ ಪಳಗಿದವನು ಅದನ್ನು ಎತ್ತಿಕೊಳ್ಳುವ ಮುಂಚೆಯೇ ಎಲ್ಲಿ ಇಳಿಸಬೇಕು ಅಂತ ನೋಡಿಟ್ಟುಕೊಂಡಿರುತ್ತಾನೆ. ಅಭ್ಯಾಸವಿಲ್ಲದವನು ಇಳಿಸೋಕೆ ಜಾಗ ಸಿಗದೆ ಅದನ್ನೇ ತಲೆ ಮೇಲೆ ಹೊತ್ತುಕೊಂಡು ಊರೆಲ್ಲ ಸುತ್ತುತ್ತಾನೆ.

ಮೇಷ್ಟ್ರ ಮನೆ ಇರುವುದು ಚನ್ನರಾಯಪಟ್ಟಣದಲ್ಲಿ. ಶಾಲೆ ಬಾಗೂರಿನಿಂದ ಒಳಗೆ, ಹೊಂಗೆಕೊಪ್ಪಲು ಅನ್ನುವ ಹಳ್ಳಿಯಲ್ಲಿ. ಸಮಾಜ ವಿಜ್ಞಾನ ಹೇಳಿಕೊಡುತ್ತಾರೆ. ಹೆಂಡತಿ ಪ್ರತಿಭಾ ಅರಕಲಗೂಡಿನವಳು. ಮಗಳು ಮಾನಸಾ ಐದನೇ ಕ್ಲಾಸು. ಮದುವೆಯಾದ ಹೊಸದರಲ್ಲಿ ಪ್ರತಿಭಾ ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ರೀ, ಒಂದ್ಸಲ ಸಮುದ್ರ ತೋರಿಸಿ" ಅಂದಿದ್ದಳು. ಮೇಷ್ಟ್ರು "ಈ ದಸರಾ ರಜೆಗೇ ಹೋಗೋಣ" ಅಂದಿದ್ದರು. ಆ ದಸರಾ ಬಂತು, ಎಲೆಕ್ಷನ್ ಡ್ಯೂಟಿ ಬಿತ್ತು. ಮುಂದಿನದಕ್ಕೆ ತರಬೇತಿ. ಅದರ ಮುಂದಿನದಕ್ಕೆ ಜನರ ಎಣಿಕೆ, ಆಮೇಲೆ ಮನೆಗಳ ಎಣಿಕೆ, ಒಂದು ವರ್ಷ ಶೌಚಾಲಯಗಳ ಎಣಿಕೆ. ಸರ್ಕಾರ ಎಣಿಸದೆ ಬಿಟ್ಟದ್ದು ಪ್ರತಿಭಾಳ ನಿಟ್ಟುಸಿರು ಒಂದೇ.

ಈ ಸಲ ಮಾತ್ರ ಮೇಷ್ಟ್ರು ಗಟ್ಟಿ ಮನಸ್ಸು ಮಾಡಿ ಗೋಕರ್ಣದ ಬಸ್ಸಿಗೆ ಮೂರು ಸೀಟು ಹಿಡಿದಿದ್ದರು. ಸಮುದ್ರಕ್ಕೆ ಸಮುದ್ರವೂ ಆಯಿತು, ಮಹಾಬಲೇಶ್ವರನ ದರ್ಶನವೂ ಆಯಿತು. ಪ್ರತಿಭಾ ಸೂಟ್‌ಕೇಸ್ ತೆಗೆದು ಒರೆಸಿ, ಮುಚ್ಚಿ, ಮತ್ತೆ ತೆಗೆದು ಒರೆಸಿದಳು. ಎಲ್ಲ ಸರಿಯಾಗೇ ಇತ್ತು.

ಕೆಟ್ಟದ್ದು ಸ್ಟಾಫ್ ರೂಮಿನಲ್ಲಿ.

ರಜೆಗೆ ಇನ್ನೇನು ಮೂರು ದಿನ. ಬಿಸಿಯೂಟ ಮುಗಿದು ಟೀ ಕುಡಿಯುವ ಹೊತ್ತು. ಹೆಡ್ ಮಿಸ್ ಪ್ರೇಮಕುಮಾರಿ ಮಕ್ಕಳು ಮೊಟ್ಟೆ ತಿನ್ನುವ ಫೋಟೋಗಳನ್ನು ಮೇಲಿನವರಿಗೆ ಕಳಿಸುತ್ತಾ ಕೂತಿದ್ದರು. ಒಂದು ಫೋಟೋದಲ್ಲಿ ಮೊಟ್ಟೆ ಕಾಣುತ್ತಿರಲಿಲ್ಲ, ಇನ್ನೊಂದರಲ್ಲಿ ಮಗು ಕಾಣುತ್ತಿರಲಿಲ್ಲ. ಇಂಗ್ಲಿಷ್ ಮೇಷ್ಟ್ರು ರಜನೀಶ್, ಇನ್ನೂ ಮದುವೆಯಾಗದ ಹುಡುಗ, ಫೋನಿನಲ್ಲಿ ಮನಾಲಿಯ ಹಿಮ ತೋರಿಸುತ್ತಿದ್ದ. ಬೇಸಿಗೆಯಿಂದ ಅದೇ ಹಿಮವನ್ನು ತೋರಿಸುತ್ತಿದ್ದಾನೆ, ಕರಗಿಲ್ಲ.

"ಈ ಸಲ ವಿಯೆಟ್ನಾಂ ಸರ್" ಅಂದ. ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಕೇಳಬೇಕಲ್ಲ ಅಂತ, "ನೀವೆಲ್ಲಿಗೆ ಸರ್? ಅತ್ತೆ ಮನೆಗಾ?" ಅಂದ.

'ಅತ್ತೆ ಮನೆಗಾ' ಅನ್ನುವುದು ಎಲ್ಲೋ ಚುಚ್ಚಿತು. ಆಗ ತಾನೇ ಏಳನೇ ಕ್ಲಾಸಿನಿಂದ ಬಂದಿದ್ದ ಮೇಷ್ಟ್ರ ಕಂಕುಳಲ್ಲಿ ಭಾರತದ ಭೂಪಟ ಸುತ್ತಿಕೊಂಡಿತ್ತು. ಕೇಂದ್ರಾಡಳಿತ ಪ್ರದೇಶಗಳ ಪಾಠ ಹೇಳಿ ನಾಲಿಗೆ ಇನ್ನೂ ಆರಿರಲಿಲ್ಲ.

"ಇಲ್ಲಪ್ಪ, ಅಂಡಮಾನ್" ಅಂದುಬಿಟ್ಟರು.

ರಜನೀಶನ ಹುಬ್ಬು ಮೇಲೆ ಹೋಯಿತು. ಹೆಡ್ ಮಿಸ್ ಮೊಟ್ಟೆ ಬಿಟ್ಟು ತಲೆಯೆತ್ತಿದರು. ಮೇಷ್ಟ್ರಿಗೆ ತಮ್ಮ ಬಾಯಿಂದ ಏನು ಬಂತು ಅಂತ ತಿಳಿದು ಉದ್ದನೆಯ ಉಸಿರೊಂದು ಹೊರಬಿತ್ತು. "ಏನು ಮಾಡೋದು, ಹೋಗಲೇಬೇಕಲ್ಲ" ಅಂತ ಗೊಣಗಿದರು.

ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಹೊನ್ನಕ್ಕ, ಬಿಸಿಯೂಟದ ಅಡುಗೆಯವಳು. ಅವಳಿಗೆ ಕೇಳಿಸಿದ್ದು 'ಅಂಡಮಾನ್', 'ಹೋಗಲೇಬೇಕು', ಮತ್ತು ಆ ಉಸಿರು. ಅದರ ಜೊತೆಗೆ ಬೆಳಿಗ್ಗೆ ಸರ್ಕಾರಿ ಜೀಪೊಂದು ಬಂದಿತ್ತು. ಅದರಿಂದಿಳಿದ ಚೆನ್ನಯ್ಯ ಅನ್ನುವ ಸಾಹೇಬರು "ನಟರಾಜ ಅಂದ್ರೆ ಯಾರ್ರೀ?" ಅಂತ ಕೇಳಿ, ಆಧಾರ್ ನಂಬರು, ಫೋನ್ ನಂಬರು, ಮನೆ ವಿಳಾಸ ಬರೆದುಕೊಂಡು ಮಾತಿಲ್ಲದೆ ಹೋಗಿದ್ದರು. ಅದನ್ನೂ ಹೊನ್ನಕ್ಕ ನೋಡಿದ್ದಳು. ಇಷ್ಟೆಲ್ಲ ಕೂಡಿಸಿದರೆ ಏನು ಬರುತ್ತದೆ? ತಟ್ಟೆ ಇಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆ ಕೋಣೆಗೆ ಓಡಿದಳು.

ಸಂಜೆ ಅವಳು ಹೋಗಿ ನಿಂತದ್ದು ಮಂಚಯ್ಯನ ಜಗುಲಿ ಮುಂದೆ. ಮಂಚಯ್ಯ ಊರಿಗೆಲ್ಲ ಹಿರಿಯ. ತಿಳಿಯದ ವಿಷಯವನ್ನೂ ವಿವರವಾಗಿ ಹೇಳಬಲ್ಲ.

"ಮಾವ, ಅಂಡಮಾನು ಅಂದ್ರೆ ಏನು?"

"ಕರೇನೀರು ಕಣವ್ವ. ಸಮುದ್ರದ ಮಧ್ಯದಾಗೆ ಜೈಲು. ಓದೋರು ಬರಾಕಿಲ್ಲ."

"ಈಗ್ಲೂ ಐತಾ?"

"ಇಲ್ದೆ ಏನು? ಸರ್ಕಾರದೋರು ಒಂದ್ಸಲ ಕಟ್ಟಿದ ಜೈಲ ಯಾವಾಗಾರ ಕೆಡುವವ್ರಾ? ಯಾಕೆ, ಯಾರ್ಗಾಯ್ತು?"

"ನಟರಾಜ ಮೇಷ್ಟ್ರಿಗೆ!" ಅಂದು ಹೊನ್ನಕ್ಕ ಅಲ್ಲೇ ಕುಸಿದು ಕೂತಳು.

ಮರುದಿನ ಶಾಲೆಗೆ ಬಂದ ಮೇಷ್ಟ್ರಿಗೆ ಒಂದು ವಿಚಿತ್ರ ಕಾದಿತ್ತು. ಗಲಾಟೆಯಿಲ್ಲ. "ಸಾ, ಇವ್ನು ನನ್ ಪೆನ್ನು ಕಿತ್ಕಂಡ" ಇಲ್ಲ. "ಸಾ, ಅವ್ಳು ಜಡೆ ಎಳುದ್ಲು" ಇಲ್ಲ. ಮೇಜಿನ ಮೇಲೆ ಸೀಬೆಕಾಯಿಗಳ ರಾಶಿ, ಮಧ್ಯೆ ಒಂದು ಸೌತೆಕಾಯಿ. ಜೂನ್ ತಿಂಗಳಿಂದ ಹೋಂವರ್ಕ್ ಅನ್ನುವ ಪದವನ್ನೇ ಕೇಳಿಲ್ಲದವನಂತೆ ಓಡಾಡುತ್ತಿದ್ದ ಸಂಜಯ್, ಗಂಗರಿಂದ ಒಡೆಯರವರೆಗೆ ಎಲ್ಲ ಬರೆದುಕೊಂಡು ಬಂದಿದ್ದ. ಕವನಾ ಅನ್ನುವ ಹುಡುಗಿ ಎದ್ದು ನಿಂತು, "ಸಾ, ನಾವಿನ್ನು ಯಾವತ್ತೂ ನಿಮ್ಗೆ ತೊಂದ್ರೆ ಕೊಡಲ್ಲ ಸಾ" ಅಂದು ಗಳಗಳ ಅತ್ತಳು.

ಮೇಷ್ಟ್ರ ಎದೆ ತುಂಬಿ ಬಂತು. ಬೋಧನೆ ಅನ್ನುವುದು ತೆಂಗಿನ ಗಿಡ ಇದ್ದಂತೆ, ಫಲ ತಡವಾಗಿ ಬರುತ್ತದೆ ಅಂತ ಹಳೆಯ ತರಬೇತಿಯೊಂದರಲ್ಲಿ ಯಾರೋ ಹೇಳಿದ್ದರು. ಇವತ್ತು ಗೊನೆ ಬಿಟ್ಟಿತು ಅಂದುಕೊಂಡರು. ಪಾಪ.

ಮಧ್ಯಾಹ್ನ ನಂಜಪ್ಪ ಬಂದ. ನಂಜಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಸಾಮಾನ್ಯವಾಗಿ ಅವನು ಶಾಲೆಗೆ ಬರುವುದು ಧ್ವಜ ಹಾರಿಸುವ ದಿನಗಳಲ್ಲಿ ಮಾತ್ರ. ಈಗ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ.

"ಇಷಯ ಗೊತ್ತಾಯ್ತು ಸಾ. ಅಂಡಮಾನಂತೆ."

ಮೇಷ್ಟ್ರು ಗಾಬರಿಯಾದರು. ಹಳ್ಳಿಗೂ ತಲುಪಿತಾ? ಪಕ್ಕದಲ್ಲೇ ರಜನೀಶ್ ಕೂತು ಪರೀಕ್ಷೆ ಪೇಪರ್ ತಿದ್ದುತ್ತಿದ್ದ. ಈಗ ಅಲ್ಲ ಅಂದರೆ ಅವನ ಮುಂದೆ ಮುಖ ಏನಾಗಬೇಕು?

"ಹೂಂ ನಂಜಪ್ಪ. ಅದೇ, ಅಂಡಮಾನ್."

"ಎಷ್ಟು ದಿನ ಹಾಕವ್ರೆ ಸಾ?"

"ಒಂದು ವಾರ ಹಾಕ್ಕೊಂಡಿದೀನಿ."

"ವಾರನೇಯಾ? ಅಂಗಾರೆ ಪರ್ವಾಗಿಲ್ಲ ಅನ್ನಿ." ನಂಜಪ್ಪನಿಗೆ ನಂಬಿಕೆ ಬರಲಿಲ್ಲ. ಪಾಪ, ನಮಗೆ ನೋವಾಗಬಾರದು ಅಂತ ಕಮ್ಮಿ ಹೇಳ್ತಾವ್ರೆ ಅಂದುಕೊಂಡ. "ಊಟಗೀಟ ಅವ್ರೇ ಕೊಟ್ಟಾರಾ?"

"ಎಲ್ಲ ಅದರಲ್ಲೇ ಸೇರಿಕೊಂಡಿರುತ್ತೆ. ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ."

"ಕ್ವಾಣೆ?"

"ಸಮುದ್ರದ ಕಡೆಗೇ ಇರೋ ಕೋಣೆ ಕೇಳಿದೀನಿ."

"ಕಿಟ್ಕಿಗೆ ಕಂಬಿ ಇರ್ತವಾ ಸಾ?"

"ಇರಬೇಕಲ್ಲ ನಂಜಪ್ಪ, ಮಗು ಬೇರೆ ಬರುತ್ತೆ."

ನಂಜಪ್ಪನ ಕೈಯಿಂದ ಟವೆಲ್ ಜಾರಿತು. "ಮಗೂನೂ ಕರ್ಕಂಡೋಯ್ತಾರಾ?"

"ಹೆಂಡ್ತಿ ಮಗು ಬಿಟ್ಟು ನಾನೊಬ್ಬನೇ ಹೋಗೋಕಾಗುತ್ತಾ?"

"ಅಯ್ಯೋ ಶಿವನೇ! ಅವ್ರೇನು ಮಾಡಿದ್ರು ಸಾ!" ಅಂದು ನಂಜಪ್ಪ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. "ನೀವೇನೇ ಮಾಡಿರಿ, ಯಾವ್ದೂ ಕೇಳಾಕಿಲ್ಲ ನಾವು. ಊರೇ ನಿಮ್ಮಿಂದೆ ಐತೆ. ತಿಳ್ಕಳಿ."

ಹೀಗೆ ಹೇಳಿ ಕಣ್ಣೊರೆಸಿಕೊಂಡು ಹೋದ. ಒಬ್ಬ ಮನುಷ್ಯ ಪ್ರವಾಸಕ್ಕೆ ಹೊರಟರೆ ಹಳ್ಳಿಯವರು ಇಷ್ಟೊಂದು ಮರುಗುತ್ತಾರಲ್ಲ ಅಂತ ಮೇಷ್ಟ್ರಿಗೆ ಆಶ್ಚರ್ಯವಾಯಿತು.

ಸುದ್ದಿಗೆ ಕಾಲಿಲ್ಲ ಅನ್ನುತ್ತಾರೆ. ಹೊನ್ನಕ್ಕನ ಸುದ್ದಿಗೆ ಮೂರು ಚಕ್ರ ಇತ್ತು. ಅವಳ ತಮ್ಮ ಕೀರ್ತಿರಾಜ್ ಅರಕಲಗೂಡಿನಲ್ಲಿ ಆಟೋ ಓಡಿಸುತ್ತಾನೆ. ಅಕ್ಕ ಫೋನಿನಲ್ಲಿ ಅತ್ತದ್ದನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಹತ್ತಿದವರಿಗೆಲ್ಲ ಹೇಳಿದ. ಹೇಳುವಾಗ ಬರೀ ಶಿಕ್ಷೆ ಹೇಳಿದರೆ ಸಾಲದು, ಅಪರಾಧವೂ ಬೇಕಾಗುತ್ತದೆ. ಮೊದಲ ಸವಾರಿಗೆ ಅದು ಮೊಟ್ಟೆ ಲೆಕ್ಕದ ತಕರಾರಾಗಿತ್ತು. ಎರಡನೆಯದಕ್ಕೆ ಪ್ರಶ್ನೆಪತ್ರಿಕೆ. ಮಧ್ಯಾಹ್ನದ ಹೊತ್ತಿಗೆ, ಶುಂಠಿ ಚೀಲ ಇಟ್ಟುಕೊಂಡು ಹಿಂದೆ ಕೂತಿದ್ದ ಯಜಮಾನರೊಬ್ಬರಿಗೆ ಅವನು ಹೇಳಿದ್ದು ಹೀಗೆ:

"ಬಾಗೂರು ಕಡೆ ಯಾರೋ ನಟರಾಜ ಮೇಷ್ಟ್ರಂತೆ ಯಜಮಾನ್ರೇ. ದೇಶದ ಮ್ಯಾಪನ್ನೇ ಹೊರ್ಗಡೆಯೋರ್ಗೆ ಕೊಟ್ಬುಟ್ಟವ್ನೆ. ಅಂಡಮಾನ್ ಜೈಲಂತೆ."

"ಮ್ಯಾಪು ಎಲ್ಲಾ ಅಂಗ್ಡೀಲೂ ಸಿಕ್ತದಲ್ಲೋ!" ಅಂದರು ಯಜಮಾನರು. ಆಮೇಲೆ ಹೆಸರು ತಲೆಗೆ ಹತ್ತಿತು. "ಆಟೋ ನಿಲ್ಸ್ಲಾ!" ಅಂತ ಕೂಗಿದರು. ಅವರು ದೊಡ್ಡಯ್ಯ, ಪ್ರತಿಭಾಳ ಅಪ್ಪ.

ಶುಂಠಿ ಚೀಲದ ಸಮೇತ ಅವರು ಹೊಳೆನರಸೀಪುರದ ಬಸ್ಸು ಹತ್ತಿ, ಅಲ್ಲಿ ಬದಲಾಯಿಸಿ, ಸಂಜೆ ಹೊತ್ತಿಗೆ ಚನ್ನರಾಯಪಟ್ಟಣದ ಮಗಳ ಮನೆ ಬಾಗಿಲಿಗೆ ಬಂದು ನಿಂತರು. ಫೋನ್ ಮಾಡಲಿಲ್ಲ. ಇಂಥವರ ಫೋನನ್ನು ಪೊಲೀಸರು ಕದ್ದು ಕೇಳುತ್ತಾರೆ ಅಂತ ಬಸ್ಸಿನಲ್ಲಿ ಪಕ್ಕದವರು ಎಚ್ಚರಿಸಿದ್ದರು.

ಮನೆಯಲ್ಲಿ ಆಗ ಹೊರಡುವ ಮುಂಚಿನ ಎಲ್ಲ ಅನಾಹುತಗಳೂ ನಡೆಯುತ್ತಿದ್ದವು. ಗ್ಯಾಸ್ ಮುಗಿದಿತ್ತು. ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಮಾನಸಾ ತನ್ನ ಟೆಡ್ಡಿ ಬೇರ್ ಹಿಡಿಸಲಿ ಅಂತ ಅಪ್ಪನ ಬಟ್ಟೆಗಳನ್ನು ಸೂಟ್‌ಕೇಸಿನಿಂದ ಹೊರಗೆ ಹಾಕಿದ್ದಳು. ಮೇಷ್ಟ್ರು ನೆಲದ ಮೇಲೆ ಕೂತು ಆ ಬಟ್ಟೆಗಳನ್ನು ಒಂದು ಕೈಚೀಲಕ್ಕೆ ತುರುಕುತ್ತಿದ್ದರು. ದೊಡ್ಡಯ್ಯನವರಿಗೆ ಕಂಡದ್ದು ಅದು: ಅಳಿಯ ಒಂದು ಸಣ್ಣ ಚೀಲದಲ್ಲಿ ಎರಡೇ ಜೊತೆ ಬಟ್ಟೆ ಇಟ್ಟುಕೊಳ್ಳುತ್ತಿದ್ದಾನೆ.

"ಅಳಿಮಯ್ಯ! ನಿಜವಾ ಆಗಾದ್ರೆ?" ಅಂದವರೇ ಶುಂಠಿ ಚೀಲ ಕೆಳಗೆ ಬಿಟ್ಟರು.

"ಏನು ಮಾವ?"

"ಅಂಡಮಾನು!"

ಪ್ರತಿಭಾ ಅಡುಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಖಾಲಿ ಬಿಂದಿಗೆ.

"ಅಂಡಮಾನಾ? ಯಾರು? ನಾವಾ?"

"ನಿಂಗೂ ಹೇಳಿಲ್ವಾ ಮಗಾ? ಊರ್ಗೆಲ್ಲ ಗೊತ್ತಾಗೈತೆ, ನಿಂಗೇ ಹೇಳಿಲ್ವಾ?"

ಆಗ ಪ್ರತಿಭಾಳ ಮುಖದಲ್ಲಿ ನಡೆದದ್ದನ್ನು ಮೇಷ್ಟ್ರು ಹೇಗೆ ತಡೆಯುತ್ತಿದ್ದರು? ಮೊದಲು ಹುಬ್ಬು ಗಂಟಾಯಿತು. ಆಮೇಲೆ ಬಿಚ್ಚಿತು. ಆಮೇಲೆ ಇಡೀ ಮುಖ ದೀಪಾವಳಿಯಾಯಿತು. ಗೋಕರ್ಣ ಅಂತ ಸುಳ್ಳು ಹೇಳಿ, ತನಗೆ ಗೊತ್ತಾಗದ ಹಾಗೆ, ವಿಮಾನದಲ್ಲಿ ಹೋಗುವ ಸಮುದ್ರಕ್ಕೆ ಏರ್ಪಾಟು ಮಾಡಿದ್ದಾನೆ ಗಂಡ!

"ರೀ!" ಅಂದಳು. ಅಷ್ಟೇ ಅಂದಳು. ಬಿಂದಿಗೆ ಎದೆಗೆ ಅವುಚಿಕೊಂಡಳು.

ಇಷ್ಟು ವರ್ಷದ ಸಂಸಾರದಲ್ಲಿ ಮೇಷ್ಟ್ರು ಆ ಮುಖ ನೋಡಿರಲಿಲ್ಲ. ಇಲ್ಲ ಕಣೇ ಅನ್ನೋಕೆ ಬಾಯಿ ತೆರೆದರು. ಬಂದದ್ದು ಕೆಮ್ಮು. ಮಾನಸಾ "ವಿಮಾನ, ವಿಮಾನ!" ಅಂತ ಟೆಡ್ಡಿ ಬೇರನ್ನು ಹಾರಿಸುತ್ತಾ ಮನೆಯೆಲ್ಲ ಓಡಿದಳು. ಪ್ರತಿಭಾ ಪಕ್ಕದ ಮನೆಯ ಭಾನುಪ್ರಿಯಾಗೆ ಕಾಂಪೌಂಡಿನ ಮೇಲಿಂದಲೇ ಹೇಳಿಬಿಟ್ಟಳು. ಭಾನುಪ್ರಿಯಾ ತನ್ನ ದೊಡ್ಡ ಅಂಚಿನ ಟೋಪಿಯನ್ನೇ ತಂದುಕೊಟ್ಟಳು.

ದೊಡ್ಡಯ್ಯನವರೊಬ್ಬರೇ ಕರಗಲಿಲ್ಲ. "ಸುಮ್ಸುಮ್ನೆ ಸುತ್ತಾಡಾಕೆ ಜೈಲಿರೋ ಜಾಗಕ್ಕೆ ಯಾರಾರ ಓದಾರಾ? ನೀನು ಎಳೇ ಮನ್ಸಿನೋಳು, ನಿಂಗೆ ಏನೋ ಹೇಳಿ ನಂಬ್ಸವ್ನೆ. ನಾಳೆ ನಾನೇ ಸ್ಕೂಲ್ಗೆ ಬತ್ತೀನಿ. ಆ ಹೆಡ್ ಮಿಸ್ಸನ್ನೇ ಕೇಳ್ತೀನಿ" ಅಂದರು.

"ನಾನೂ ಬರ್ತೀನಿ ಅಪ್ಪಾ. ನಾಳೆ ಕೊನೇ ದಿನ, ಎಲ್ಲರಿಗೂ ಸಿಹಿ ಕೊಟ್ಟು ಬರೋಣ" ಅಂದಳು ಪ್ರತಿಭಾ. ಅಂದವಳೇ ಮೈಸೂರು ಪಾಕು ತರೋಕೆ ಹೊರಟಳು.

ಮೇಷ್ಟ್ರು ಆ ರಾತ್ರಿ ಊಟ ಮಾಡಿದ್ದು ಏನು ಅಂತ ಅವರಿಗೇ ನೆನಪಿಲ್ಲ.

ಕೊನೆಯ ದಿನ ಬೆಳಿಗ್ಗೆ ದೊಡ್ಡಯ್ಯ, ಪ್ರತಿಭಾ, ಮಾನಸಾ ಬಾಗೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಮೇಷ್ಟ್ರು ಬೈಕಿನಲ್ಲಿ ಹಿಂದೆ ಹಿಂದೆ, ಇವತ್ತು ಪಂಕ್ಚರ್ ಆದರೆ ಎಷ್ಟು ಚೆನ್ನ ಅಂದುಕೊಳ್ಳುತ್ತಾ ಬಂದರು. ದಿನಾ ಆಗುವ ಪಂಕ್ಚರ್ ಅವತ್ತು ಆಗಲಿಲ್ಲ.

ಶಾಲೆಯ ಮೈದಾನ ತುಂಬಿತ್ತು. ಹೊಂಗೆಕೊಪ್ಪಲಿನಲ್ಲಿ ಅಷ್ಟು ಜನ ಇದ್ದಾರೆ ಅಂತ ಎಣಿಕೆ ಮಾಡಿದ ಮೇಷ್ಟ್ರಿಗೇ ಗೊತ್ತಿರಲಿಲ್ಲ. ಮಧ್ಯದಲ್ಲಿ ಚೆನ್ನಯ್ಯ ಸಾಹೇಬರ ಜೀಪು. ಅದರ ಮುಂದೆ ಹೆಂಗಸರು ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಎಲ್ಲರಿಗಿಂತ ಮುಂದೆ, ಸೌಟು ಹಿಡಿದು, ಹೊನ್ನಕ್ಕ. ಚೆನ್ನಯ್ಯ ಸಾಹೇಬರು ಜೀಪಿನೊಳಗೆ ಗಾಜು ಏರಿಸಿಕೊಂಡು ಬೆವರುತ್ತಿದ್ದರು.

"ಏನ್ರೀ ಇದು! ಒಂದು ವಾರದ ಮಟ್ಟಿಗೆ ಕರ್ಕೊಂಡು ಹೋಗ್ತೀವಿ ಅಷ್ಟೇ" ಅಂತ ಗಾಜು ಸ್ವಲ್ಪ ಇಳಿಸಿ ಕೂಗಿದರು. ಅವರು ಹೇಳುತ್ತಿದ್ದದ್ದು ರಜೆಯಲ್ಲಿ ನಡೆಯುವ ಮೇಷ್ಟ್ರುಗಳ ತರಬೇತಿಯ ಮಾತು. "ಹಾಸನಕ್ಕೆ ಕಣ್ರೀ, ಹಾಸನಕ್ಕೆ!"

"ಮೊದ್ಲು ಆಸನ, ಆಮ್ಯಾಕೆ ಅಂಡಮಾನು! ನಮ್ಗೇನು ತಿಳಿಯಾಕಿಲ್ವಾ ನಿಮ್ಮಾಟ?" ಅಂದ ನಂಜಪ್ಪ.

"ಊಟ ವಸತಿ ಎಲ್ಲ ನಾವೇ ಕೊಡ್ತೀವಿ!"

"ಆ ಊಟ ನೀವೇ ಉಣ್ಣಿ!" ಅಂತ ಸೌಟು ಎತ್ತಿದಳು ಹೊನ್ನಕ್ಕ.

"ಎಲ್ಲರಿಗೂ ಒಂದ್ಸಲ ಬರೋದೇ ಇದು. ಇವರು ತಪ್ಪಿಸ್ಕೊಂಡು ತಪ್ಪಿಸ್ಕೊಂಡು ಈಗ ಸಿಕ್ಕಿದಾರೆ" ಅಂದರು ಚೆನ್ನಯ್ಯ, ಸತ್ಯವನ್ನೇ.

"ಮ್ಯಾಪ್ ಮಾರ್ಬುಟ್ಟು ತಲೆ ತಪ್ಪಿಸ್ಕಂಡಿದ್ರಾ!" ಅಂದರು ಹಿಂದಿನಿಂದ ದೊಡ್ಡಯ್ಯ, ಎದೆ ಹಿಡಿದುಕೊಂಡು.

ಮಂಚಯ್ಯ ಕೋಲೂರಿ ಎದ್ದ. ಗದ್ದಲ ನಿಂತಿತು. "ಸ್ವಾಮಿ ಸಾಯೇಬ್ರೇ, ಕೇಳಿ. ಈ ಮೇಷ್ಟ್ರು ಏನು ತೆಪ್ಪು ಮಾಡವ್ರೋ ನಂಗೊತ್ತಿಲ್ಲ. ಮಾಡಿರ್ಬೌದು. ನನ್ ಮೊಮ್ಮಗೀಗೆ ಜ್ವರ ನೆತ್ತಿಗೇರ್ದಾಗ ತಮ್ ಬೈಕಲ್ಲಿ ಕೂರ್ಸ್ಕಂಡು ಆಸ್ಪತ್ರೆಗೆ ಓದೋರು ಇವ್ರು. ಮಳೆ ಸುರೀತಿತ್ತು. ಈ ಊರಾಗೆ ಎಸ್ಸೆಲ್ಸಿ ದಾಟಿದ್ ಮಕ್ಳೆಲ್ಲ ಇವ್ರ ಕೈಲಿ ಕಿವಿ ಇಂಡುಸ್ಕಂಡೋರೇಯ. ಇಂಥೋರು ಯಾರ್ನಾರ ಕೊಂದವ್ರೆ ಅಂತಿಟ್ಕಳಿ, ಅವ್ನು ಸಾಯೋ ಅಂಥೋನೇ ಆಗಿರ್ಬೇಕು."

"ಔದೌದು!" ಅಂದಿತು ಊರು.

"ಕರ್ಕಂಡೋಗ್ಲೇಬೇಕು ಅಂದ್ರೆ ನನ್ನ ಕರ್ಕಂಡೋಗಿ. ನಂಗೆ ವಯಸ್ಸಾಯ್ತು, ಎಲ್ಲಿದ್ರೇನು" ಅಂದು ಮಂಚಯ್ಯ ತನ್ನ ಎರಡೂ ಕೈಗಳನ್ನು, ಬೇಡಿ ಹಾಕಲಿ ಅಂತ, ಜೀಪಿನ ಗಾಜಿನ ಮುಂದೆ ಚಾಚಿದ.

ಬೈಕಿನ ಪಕ್ಕ ನಿಂತು ಇದನ್ನು ಕೇಳುತ್ತಿದ್ದ ಮೇಷ್ಟ್ರಿಗೆ ಆಗ ಎಲ್ಲ ಒಟ್ಟಿಗೆ ಅರ್ಥವಾಯಿತು: ಸೀಬೆಕಾಯಿ, ಸಂಜಯನ ಹೋಂವರ್ಕ್, ಕಿಟಕಿಯ ಕಂಬಿ. ತಾನು ಬಾಯಿ ಬಿಡದಿದ್ದರೆ ಚೆನ್ನಯ್ಯ ಸಾಹೇಬರು ಜೀಪಿನಲ್ಲೇ ಸಂಜೆ ಮಾಡುತ್ತಾರೆ. ಬಾಯಿ ಬಿಟ್ಟರೆ ಎದುರಿಗೆ ರಜನೀಶ್. ಅದಕ್ಕಿಂತ ಹೆಚ್ಚಾಗಿ, ಮೈಸೂರು ಪಾಕಿನ ಡಬ್ಬ ಹಿಡಿದು, ತಲೆಗೆ ದೊಡ್ಡ ಟೋಪಿ ಹಾಕಿಕೊಂಡು ನಿಂತ ಪ್ರತಿಭಾ.

ಮೇಷ್ಟ್ರು ಧ್ವಜದ ಕಟ್ಟೆ ಹತ್ತಿದರು.

"ನೋಡ್ರಪ್ಪಾ," ಅಂದರು. "ನಾನು ಯಾರನ್ನೂ ಕೊಂದಿಲ್ಲ. ಮ್ಯಾಪೂ ಮಾರಿಲ್ಲ. ಅಂಡಮಾನ್‌ಗೆ ನನ್ನ ಯಾರೂ ಕಳಿಸ್ತಿಲ್ಲ. ಅದು ಈಗ ಜೈಲೂ ಅಲ್ಲ, ಜನ ಸುತ್ತಾಡೋಕೆ ಹೋಗೋ ಜಾಗ. ನಾನು ಅಲ್ಲಿಗೆ ಸುತ್ತಾಡೋಕೂ ಹೋಗ್ತಿಲ್ಲ." ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಸ್ಟಾಫ್ ರೂಮಲ್ಲಿ ಸುಮ್ನೆ ದೊಡ್ಡಸ್ತಿಕೆಗೆ ಹೇಳಿದ್ದು. ನಾನು ಹೋಗ್ತಿರೋದು ಗೋಕರ್ಣಕ್ಕೆ. ಬಸ್ಸಲ್ಲಿ."

ಹೊನ್ನಕ್ಕ ಸೌಟು ಕೆಳಗಿಳಿಸಿದಳು.

ಪ್ರತಿಭಾ ಟೋಪಿ ತೆಗೆದಳು. ಅದನ್ನು ಮಾನಸಾಳ ಕೈಗೆ ಕೊಟ್ಟಳು. ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು. ಮೇಷ್ಟ್ರು ಅವಳ ಕಡೆ ನೋಡೋಕೆ ಆಗದೆ ತಮ್ಮ ಕಾಲುಗಳ ಕಡೆ ನೋಡಿದರು.

ಅಷ್ಟರಲ್ಲಿ ರಜನೀಶ್ ಕಟ್ಟೆಯ ಹತ್ತಿರ ಬಂದ. ನಗುತ್ತಾನೆ ಅಂತ ಮೇಷ್ಟ್ರು ಕಾದರು. ಅವನು ಮೆಲ್ಲಗೆ ಅವರ ಕಿವಿಯ ಹತ್ತಿರ ಹೇಳಿದ: "ಸರ್, ವಿಯೆಟ್ನಾಂ ಏನಿಲ್ಲ. ನಾನು ಹೊಳೆನರಸೀಪುರಕ್ಕೆ ಅಕ್ಕನ ಮನೆಗೆ ಹೋಗೋದು."

"ಮತ್ತೆ ಮನಾಲಿ?"

"ಅದು ನನ್ನ ಫ್ರೆಂಡ್ ಕಳಿಸಿದ ಫೋಟೋ ಸರ್. ನೀವ್ಯಾರೂ ನನ್ನ ಮುಖ ಎಲ್ಲಿ ಅಂತ ಕೇಳಲೇ ಇಲ್ಲ." ಹೀಗೆ ಹೇಳಿ ಅವನು ಜೀಪಿನ ಕಡೆ ತಿರುಗಿ ಗಟ್ಟಿಯಾಗಿ, "ಸಾರ್, ಆ ಟ್ರೈನಿಂಗಿಗೆ ನನ್ನ ಹೆಸರು ಹಾಕ್ಕೊಳ್ಳಿ. ನಟರಾಜ್ ಸರ್ ಹೋಗಿ ಬರಲಿ" ಅಂದ.

ಚೆನ್ನಯ್ಯ ಸಾಹೇಬರಿಗೆ ಯಾರಾದರೂ ಒಬ್ಬರು ಸಿಕ್ಕಿದರೆ ಸಾಕಾಗಿತ್ತು. "ಆಯ್ತಪ್ಪಾ, ಆಯ್ತು! ಮೊದ್ಲು ಈ ತಾಯೀರನ್ನ ಎಬ್ಬಿಸಿ!" ಅಂದರು.

ತಾಯಂದಿರು ಏಳಲಿಲ್ಲ. ಹೊನ್ನಕ್ಕ ಯೋಚನೆ ಮಾಡುತ್ತಿದ್ದಳು.

"ಸಾ, ಗೋಕರ್ಣ ಅಂದ್ರೆ ಶಿವನ ಗೋಕರ್ಣನೇಯಾ?"

"ಹೂಂ ಹೊನ್ನಕ್ಕ."

"ಸಮುದ್ರ ಇರದೂ ಅಲ್ಲೇಯಾ?"

"ಅಲ್ಲೇ."

"ಅಂಗಾರೆ ನಾನೂ ಬತ್ತೀನಿ ಕಣ್ ಸಾ!"

ಅವಳ ಹಿಂದಿದ್ದವಳು "ನಾನೂವೆ" ಅಂದಳು. ಅದರ ಹಿಂದಿನವಳು ಅತ್ತೆಯನ್ನೂ ಸೇರಿಸಿಕೊಂಡಳು. ಅಂಡಮಾನಿಗೆ ಮೇಷ್ಟ್ರನ್ನು ಒಬ್ಬರನ್ನೇ ಕಳಿಸೋಕೆ ಒಪ್ಪದ ಊರು ಗೋಕರ್ಣಕ್ಕೆ ಮಾತ್ರ ಒಬ್ಬರನ್ನೇ ಬಿಡುತ್ತದಾ? ನಂಜಪ್ಪ ಆಗಲೇ ಫೋನ್ ಕಿವಿಗಿಟ್ಟು ದಂಡಿಗನಹಳ್ಳಿಯ ತನ್ನ ಷಡ್ಡಕ ಮದುವೆಗಳಿಗೆ ಬಾಡಿಗೆ ಬಿಡುವ ಬಸ್ಸು ಖಾಲಿ ಇದೆಯಾ ಅಂತ ಕೇಳುತ್ತಿದ್ದ.

ಮೇಷ್ಟ್ರು ಹೆದರಿ ಪ್ರತಿಭಾಳ ಮುಖ ನೋಡಿದರು. ಮೂರು ಸೀಟಿನ ಸಮುದ್ರ ಕಣ್ಣೆದುರೇ ಕೈತಪ್ಪುತ್ತಿತ್ತು.

"ಬರಲಿ ಬಿಡಿ" ಅಂದಳು ಪ್ರತಿಭಾ, ಗಂಡನಿಗಲ್ಲ, ಊರಿಗೆ. "ಇಷ್ಟು ಜನ ನಿಮ್ಮ ಮೇಷ್ಟ್ರನ್ನ ಬಿಡಿಸೋಕೆ ಬಂದಿದೀರಿ. ನಾನಾಗಿದ್ರೆ ಬರ್ತಿರಲಿಲ್ಲ." ಹೀಗಂದು ಡಬ್ಬ ತೆರೆದು ಮೊದಲ ತುಂಡು ಮಂಚಯ್ಯನಿಗೆ ಕೊಟ್ಟಳು. ಎರಡನೆಯದು ಚೆನ್ನಯ್ಯ ಸಾಹೇಬರಿಗೆ, ಜೀಪಿನ ಕಿಟಕಿಯಲ್ಲಿ. ಎಲ್ಲರಿಗೂ ಹಂಚುತ್ತಾ ಬಂದು ಕಟ್ಟೆಯ ಮುಂದೆ ನಿಂತಾಗ ಡಬ್ಬ ಖಾಲಿಯಾಗಿತ್ತು, ಅಥವಾ ಖಾಲಿಯಾಗಿದೆ ಅಂದಳು.

ಮದುವೆ ಬಸ್ಸು ಅರಸೀಕೆರೆ, ಶಿವಮೊಗ್ಗ ದಾಟಿ ಹೋಯಿತು. ಪುಳಿಯೋಗರೆ ಘಮಘಮ ಅನ್ನುತ್ತಿತ್ತು. ದಾರಿಯುದ್ದಕ್ಕೂ ಪ್ರತಿಭಾ ಹೆಂಗಸರ ಸಾಲಿನಲ್ಲಿ ಹೊನ್ನಕ್ಕನ ಪಕ್ಕ ಕೂತು ನಗುತ್ತಾ ಬಂದಳು. ಮೇಷ್ಟ್ರು ಡ್ರೈವರ್ ಪಕ್ಕ ಕೂತು ಕೇಳಿಸಿಕೊಳ್ಳುತ್ತಾ ಬಂದರು. ಅವರ ಕಡೆ ಒಂದು ಮಾತೂ ಬರಲಿಲ್ಲ. "ಹೆಣ್ಮಕ್ಳು ಅಂಗೇಯ. ಕಾಯ್ಬೇಕು" ಅಂದರು ಹಿಂದಿನ ಸೀಟಿನಿಂದ ದೊಡ್ಡಯ್ಯ. ಮಗಳ ಜೊತೆಗೆ ಅವರೂ ಬಂದಿದ್ದರು. ಅಳಿಯನ ಮೇಲೆ ಒಂದು ಕಣ್ಣು ಇರಲಿ ಅಂತ.

ದೇವರ ದರ್ಶನ ಮಾಡಿಕೊಂಡು ಎಲ್ಲರೂ ಸಮುದ್ರದ ಕಡೆ ನಡೆದರು. ಗಲ್ಲಿ ತಿರುಗಿದ ತಕ್ಷಣ ಅದು ಎದುರಿಗೇ ಇತ್ತು. ಹೊಂಗೆಕೊಪ್ಪಲು ಅಲ್ಲೇ ನಿಂತುಬಿಟ್ಟಿತು. ಪ್ರತಿಭಾ ಮಾನಸಾಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಹುಡುಗಿ "ಅಮ್ಮಾ, ನೋವು" ಅಂದಳು.

ಮೊದಲು ನೀರಿಗಿಳಿದವರು ದೊಡ್ಡಯ್ಯ. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಉಗಿದರು. "ಉಪ್ಪು ಕಣ್ರಪ್ಪೋ! ನಿಜವಾಗ್ಲೂ ಉಪ್ಪು!" ಅಂತ ಕೂಗಿದರು. ಇಷ್ಟು ವಯಸ್ಸಾದರೂ ಅವರು ಆ ಮಾತನ್ನು ನಂಬಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುಡಿದು ಉಗಿದು ಖಾತ್ರಿ ಮಾಡಿಕೊಂಡರು.

"ಮೇಷ್ಟ್ರೇ, ಚಪ್ಲಿ ನೋಡ್ಕಳಿ" ಅಂತ ನಂಜಪ್ಪ ಬಿಟ್ಟುಹೋದ. ಅವನನ್ನು ನೋಡಿ ಎಲ್ಲರೂ ಬಿಟ್ಟರು. ಮೇಷ್ಟ್ರು ಇಡೀ ಊರಿನ ಚಪ್ಪಲಿಗಳನ್ನು ಮರಳ ಮೇಲೆ ಜೋಡಿ ಜೋಡಿಯಾಗಿ, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ, ಚಿಕ್ಕವು ಮುಂದೆ ದೊಡ್ಡವು ಹಿಂದೆ ಸಾಲು ಮಾಡಿ ಪಕ್ಕದಲ್ಲಿ ಕೂತರು. ಅಲ್ಲಿ ನೀರಿನಲ್ಲಿ ಹೆಂಗಸರು ಕೈಕೈ ಹಿಡಿದು ಉದ್ದಕ್ಕೆ ನಿಂತಿದ್ದರು. ಅಲೆ ಬಂದಾಗಲೆಲ್ಲ ಕಿರುಚಿ ಹಾರುತ್ತಿದ್ದರು. ಮಧ್ಯದಲ್ಲಿ ಪ್ರತಿಭಾ, ಸೀರೆ ಸೊಂಟದವರೆಗೂ ನೆನೆದು, ಕೂದಲು ಬಿಚ್ಚಿಹೋಗಿ. ಮೇಷ್ಟ್ರು ನೋಡುತ್ತಾ ಕೂತರು. ತಾನು ಕರೆಸಿಕೊಳ್ಳುವ ಹಕ್ಕು ಕಳೆದುಕೊಂಡಿದ್ದೇನೆ ಅಂತ ಅವರಿಗೆ ಗೊತ್ತಿತ್ತು.

ಪ್ರತಿಭಾ ತಿರುಗಿದಳು.

"ರೀ!" ಅಂತ ಕೂಗಿದಳು. "ಅಲ್ಲೇನು ಚಪ್ಪಲಿ ಕಾಯ್ತಾ ಕೂತಿದೀರಾ? ಬನ್ರೀ ಇಲ್ಲಿ!"

ಮೇಷ್ಟ್ರು ಎದ್ದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆದು ಕಣ್ಣಿಗೇ ಹಾಕಿಕೊಂಡರು, ಆಮೇಲೆ ಪ್ಯಾಂಟು ಮಡಿಸುವುದನ್ನೂ ಮರೆತು ಓಡಿದರು. ಹೊನ್ನಕ್ಕ ಕೈಬಿಟ್ಟು ಜಾಗ ಮಾಡಿಕೊಟ್ಟಳು. ಒಂದು ದೊಡ್ಡ ಅಲೆ ಬಂದು ಮೇಷ್ಟ್ರನ್ನು ಬೀಳಿಸಿತು. ಪ್ರತಿಭಾ ಎತ್ತಿದಳು. ಇನ್ನೊಂದು ಅಲೆ ಇಬ್ಬರನ್ನೂ ಬೀಳಿಸಿತು.

ಸಮುದ್ರಕ್ಕೆ ಉಬ್ಬರ ಇಳಿತ ಅಂತ ಇರುತ್ತದೆ. ಏಳನೇ ಕ್ಲಾಸಿನವರಿಗೆ ಮೇಷ್ಟ್ರು ಅದನ್ನು ವರ್ಷವರ್ಷವೂ ಚಿತ್ರ ಬರೆದು ಹೇಳಿಕೊಟ್ಟಿದ್ದಾರೆ, ಪರೀಕ್ಷೆಯಲ್ಲಿ ಕೇಳಿದ್ದಾರೆ, ತಪ್ಪು ಬರೆದವರ ಕಿವಿ ಹಿಂಡಿದ್ದಾರೆ. ಅವತ್ತು ಉಬ್ಬರದ ಹೊತ್ತು. ಹಿಂದಿರುಗಿ ನೋಡಿದಾಗ ಚಪ್ಪಲಿಗಳ ಸಾಲೂ ಇಲ್ಲ, ಸಾಲಿದ್ದ ಮರಳೂ ಕಾಣುತ್ತಿಲ್ಲ.

"ಅಯ್ಯಯ್ಯೋ, ಚಪ್ಲಿ!" ಅಂದ ನಂಜಪ್ಪ. "ಮೇಷ್ಟ್ರೇ, ಏನ್ ಮಾಡ್ಬುಟ್ರಿ!"

ಪ್ರತಿಭಾಗೆ ನಗು ಶುರುವಾಯಿತು. ಎಷ್ಟು ಬಂತು ಅಂದರೆ ನಿಲ್ಲೋಕಾಗದೆ ನೀರಿನಲ್ಲೇ ಕೂತುಬಿಟ್ಟಳು. ಅವಳನ್ನು ನೋಡಿ ಹೊನ್ನಕ್ಕ, ಹೊನ್ನಕ್ಕನನ್ನು ನೋಡಿ ಊರು.

ಸಮುದ್ರ ಬಹಳ ಹೊತ್ತು ಯೋಚಿಸಿ ಒಂದೇ ಒಂದು ಚಪ್ಪಲಿ ವಾಪಸ್ ಕೊಟ್ಟಿತು. ದೊಡ್ಡಯ್ಯನವರದು, ಎಡಗಾಲಿನದು. ಅವರು ಅದನ್ನು ಒದರಿ ಹಾಕಿಕೊಂಡರು. ಬಿಸಿಲಿಗೆ ಕಾದ ಗಲ್ಲಿಯಲ್ಲಿ ಹೊಂಗೆಕೊಪ್ಪಲು ಕುಣಿಯುತ್ತಾ ಕುಪ್ಪಳಿಸುತ್ತಾ ಬಸ್ಸಿನ ಕಡೆ ಓಡಿತು. ಎಲ್ಲರ ಹಿಂದೆ, ಒಂದು ಕಾಲಿಗೆ ಚಪ್ಪಲಿ ಇರುವ ಒಬ್ಬನೇ ಗೃಹಸ್ಥನ ಗಾಂಭೀರ್ಯದಲ್ಲಿ, ಮಗಳು ಅಳಿಯ ಇಬ್ಬರ ಹೆಗಲ ಮೇಲೆ ಒಂದೊಂದು ಕೈ ಇಟ್ಟುಕೊಂಡು, ದೊಡ್ಡಯ್ಯ ನಿಧಾನವಾಗಿ ನಡೆದರು.